ಬೋಲ್ಟಿನ ಬಚ್ಚಲು: ಬೆಟಗೇರಿಯ ಹಳೆಯ ಮನೆಯೊಂದರ ಕೆಲಸದ ದಾಖಲೆ

ಮನೆ: ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿರುವ ಹಳೆಯ ಕಟ್ಟಡ. ಕಲ್ಲು-ಮಣ್ಣಿನ ಗೋಡೆ, ದಪ್ಪ 18 ಇಂಚು. ನೆಲಕ್ಕೆ ಶಹಾಬಾದ್ ಫರ್ಸಿ (ಹಾಸುಗಲ್ಲು). ಅಂಗಳದಿಂದ ಪಡಸಾಲೆಗೆ 18 ಇಂಚು ಏರು. ಬಚ್ಚಲು ಹಿಂಭಾಗದಲ್ಲಿ, 4½ ಅಡಿಗೆ 7 ಅಡಿ, ಕಮೋಡ್ ಅದರೊಳಗೇ. ಪಡಸಾಲೆಯ ಒಂದು ಮೂಲೆಯಲ್ಲಿ ಹಿಂದಿನ ಕುಣಿಮಗ್ಗದ ಕುಣಿ ಇದೆ, ಮೇಲೆ ಫರ್ಸಿ ಮುಚ್ಚಿದೆ. ಕಾಲಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಕುಣಿಗೆ ಗರಸು (ಜಲ್ಲಿ ಬೆರೆತ ಮಣ್ಣು) ತುಂಬಿಸಿ ಧಮ್ಮಸು ಮಾಡುವ, ಅಂದರೆ ಬಡಿದು ಗಟ್ಟಿಸುವ ತನಕ ಅದರ ಮೇಲೆ ಗಾಲಿಕುರ್ಚಿ ಹಾಯಿಸುವಂತಿಲ್ಲ.

ಈ ಕೆಲಸ ಯಾರಿಗಾಗಿಯೋ ಆ ಮನೆಯವರಿಗೆ ಇರುವುದು ಲಿಂಬ್-ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯುಗಳು ನಿಧಾನವಾಗಿ ಸೋಲುತ್ತ ಹೋಗುವ ಕಾಯಿಲೆ. ಇದರಲ್ಲಿ ಸೊಂಟ, ತೊಡೆ, ಭುಜದ ಸ್ನಾಯುಗಳು ಮೊದಲು ಸೋಲುತ್ತವೆ, ಬೆರಳಿನ ಹಿಡಿತ ಬಹಳ ಕಾಲ ಉಳಿಯುತ್ತದೆ. ಸದ್ಯ ಗೋಡೆ ಹಿಡಿದು ನಡೆಯುತ್ತಾರೆ. ಕುಳಿತಲ್ಲಿಂದ ಏಳಲು ತೊಡೆಯ ಮೇಲೆ ಕೈಯೂರಬೇಕು. ಕೈಯನ್ನು ಭುಜಕ್ಕಿಂತ ಮೇಲೆ ಎತ್ತಲಾಗುವುದಿಲ್ಲ. ಮುಂದೆ ಗಾಲಿಕುರ್ಚಿ ಬರುತ್ತದೆ, ಯಾವ ವರ್ಷ ಎಂದು ಯಾರೂ ಹೇಳಲಾರರು.

ಇಡೀ ಕೆಲಸ ನಿಂತಿದ್ದು ಈ ಕೊನೆಯ ಮಾತಿನ ಮೇಲೆ. ಗೌಂಡಿಯನ್ನು ಕರೆದರೆ ಅವನ ಮೊದಲ ಮಾತು, "ಕಮೋಡ್ ಕೆಳಗ ಆರಿಂಚು ಕಟ್ಟಿ ಕಟ್ಟಿ ಎತ್ತರ ಮಾಡಿಬಿಡ್ತೇನ್ರಿ, ಗಟ್ಟಿ ಇರ್ತದ." ಗಟ್ಟಿ ಇರುವುದೇ ತೊಂದರೆ. ಎದ್ದು ನಿಲ್ಲುವವರಿಗೆ ಆಸನ ವರ್ಷ ವರ್ಷಕ್ಕೂ ಎತ್ತರವಾಗುತ್ತ ಹೋಗಬೇಕು. ನಿಲ್ಲುವುದು ನಿಂತ ದಿನ ಅದೇ ಆಸನ ಗಾಲಿಕುರ್ಚಿಯ ಮಟ್ಟಕ್ಕೆ, ಸುಮಾರು 20 ಇಂಚಿಗೆ, ಇಳಿಯಬೇಕು. ಅದಕ್ಕೂ ಮುಂದೆ ಕಮೋಡಿನ ಮೇಲೆಯೇ ಬಂದು ನಿಲ್ಲುವ ಗಾಲಿಯ ಸ್ನಾನದ ಕುರ್ಚಿ ಬೇಕಾಗುತ್ತದೆ. ಅದರಡಿ ಹೋಗಬೇಕಾದರೆ ಕಮೋಡಿನ ಬಾಯಿ 16-17 ಇಂಚಿಗಿಂತ ಮೇಲಿರಬಾರದು. ಕಟ್ಟೆ ಕಟ್ಟಿದರೆ ಆಗ ಒಡೆಯಬೇಕು, ಒಡೆದರೆ ಕಮೋಡೂ ಹೋಗುತ್ತದೆ. ಆದ್ದರಿಂದ ಕಮೋಡನ್ನು ಮುಟ್ಟಿಲ್ಲ. ಅದರ ಮೇಲೆ ಬೇರೆ ಚೌಕಟ್ಟು, ಬೇರೆ ಆಸನ. ಎತ್ತರ ತಗ್ಗು ಏನಿದ್ದರೂ ಅದರ ಬೋಲ್ಟಿನಲ್ಲಿ.

ಅಳತೆ

ಬೆಳಗಿನ ಅಳತೆ ನಂಬಬಾರದು. ರಾತ್ರಿ ನಿದ್ದೆಯಾದ ಮೇಲೆ 19 ಇಂಚಿನ ಸ್ಟೂಲಿನಿಂದ ಎದ್ದವರೇ ಸಂಜೆ 7ಕ್ಕೆ ಅದೇ ಸ್ಟೂಲಿನಿಂದ ಏಳಲಿಲ್ಲ. ವಿಧಾನ ಸರಳ: ಗಟ್ಟಿಮುಟ್ಟಾದ ಸ್ಟೂಲು, ಅದರ ಮೇಲೆ ಒಂದಡಿ ಚೌಕದ 18 ಎಂಎಂ ಪ್ಲೈವುಡ್ ತುಂಡುಗಳು. ಒಂದೊಂದೇ ತುಂಡು ಏರಿಸುತ್ತ, ಯಾವ ಎತ್ತರದಿಂದ ಬೇರೆಯವರ ಕೈ ಹಿಡಿಯದೆ ಎರಡು ಸಲ ಏಳಲಾಗುತ್ತದೆಯೋ ಅದನ್ನು ಬರೆದುಕೊಳ್ಳಬೇಕು. ಎರಡೇ ಸಲ ಸಾಕು. ಸೋಲುತ್ತಿರುವ ಸ್ನಾಯುವನ್ನು ದಣಿಸಿ ಪರೀಕ್ಷೆ ಮಾಡುವುದು ಸರಿಯಲ್ಲ, ಮಾರನೆಯ ದಿನದ ನಡಿಗೆಯೇ ಕೆಡುತ್ತದೆ. ತುಂಡುಗಳು ಜಾರದಂತೆ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಇಡಿ.

ಸಂಜೆಯ ಅಳತೆ 20 ಇಂಚು ಬಂತು. ಅದಕ್ಕೆ ಒಂದಿಂಚು ಸೇರಿಸಿ 21ಕ್ಕೆ ಕೆಲಸ ಶುರು.

ಇನ್ನೆರಡು ಅಳತೆ: ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗುವ ಅತಿ ಹೆಚ್ಚಿನ ಎತ್ತರ (ಇಲ್ಲಿ 23), ಮತ್ತು ಮೊಣಕೈ ತುಸು ಮಡಿಸಿ ಕೆಳಗೆ ಒತ್ತಲು ಒದಗುವ ಕೈಕಂಬಿಯ ಎತ್ತರ (ಆಸನದಿಂದ 9 ಇಂಚು). ಗೋಡೆಯ ಮೇಲೆ ಎತ್ತರದಲ್ಲಿ ಹಿಡಿ ಹಾಕಿಸಿ ಎಳೆದುಕೊಂಡು ಏಳಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಭುಜ ಸೋತವರಿಗೆ ಅದು ಕೆಲಸಕ್ಕೆ ಬಾರದು. ಎಳೆಯಲಾಗದವರೂ ಕೆಳಗೆ ಒತ್ತಬಲ್ಲರು.

ಗೋಡೆ ಏಕೆ ನಂಬಿಕೆಗೆ ಅರ್ಹವಲ್ಲ

ಪರೀಕ್ಷೆಗೆ 8 ಎಂಎಂ ಡ್ರಿಲ್ ಬಿಟ್ಟಿನಿಂದ ಒಂದು ತೂತು ಕೊರೆದು ಪುಡಿ ನೋಡಬೇಕು. ಬೂದು ಬಣ್ಣದ ಪುಡಿ ಬಂದರೆ ಸಿಮೆಂಟು ಅಥವಾ ಕಲ್ಲು. ಇಲ್ಲಿ ಅರ್ಧ ಇಂಚು ಸುಣ್ಣದ ಗಾರೆ, ಆಮೇಲೆ ಬರೀ ಮಣ್ಣು. ಇಂಥ ಗೋಡೆಯಲ್ಲಿ ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು) ಬಿಗಿ ಮಾಡುತ್ತ ಹೋದರೆ ಬಿಗಿಯಾದಂತೆ ಕಾಣುತ್ತದೆ, ಮೈಭಾರ ಬಿದ್ದ ದಿನ ಗಾರೆಯ ಸಮೇತ ಕಿತ್ತು ಬರುತ್ತದೆ. ಹೀಗೆ ಕಿತ್ತು ಬರುವ ಹಿಡಿ, ಹಿಡಿಯೇ ಇಲ್ಲದಿರುವುದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬಿ ಭಾರ ಹಾಕಿರುತ್ತಾರೆ.

ಹಿಂದಿನ ಗೋಡೆಯ ಆಚೆ ಹಿತ್ತಲು. ಹಾಗಾಗಿ ಆರಪಾರ ಬೋಲ್ಟು: ಎಂ12 (12 ಎಂಎಂ ದಪ್ಪದ) ಥ್ರೆಡ್ ರಾಡ್ 21 ಇಂಚು ಉದ್ದದ ನಾಲ್ಕು, ಎರಡೂ ಬದಿಗೆ 6 ಇಂಚು ಚೌಕದ 5 ಎಂಎಂ ಪ್ಲೇಟು. ಉದ್ದ ಬಿಟ್ಟಿನಿಂದ ಎರಡೂ ಕಡೆಯಿಂದ ಅರ್ಧರ್ಧ ಕೊರೆದೆವು. ಒಂದೇ ಕಡೆಯಿಂದ ಕೊರೆದರೆ ಬಿಟ್ಟು ಕಲ್ಲಿಗೆ ತಾಗಿ ವಾಲುತ್ತದೆ. ಒಂದು ತೂತು ನಡುವೆ ಕೂಡಲಿಲ್ಲ, ಅರ್ಧ ಇಂಚು ತಪ್ಪಿತು. ಅದನ್ನು ಮಣ್ಣಿನಿಂದಲೇ ಮುಚ್ಚಿ 3 ಇಂಚು ಪಕ್ಕಕ್ಕೆ ಹೊಸದು ಕೊರೆಯಬೇಕಾಯಿತು. ನಟ್ಟನ್ನು ಪೂರ್ತಿ ಬಲ ಹಾಕಿ ತಿರುವಬಾರದು: ಮಣ್ಣಿನ ಗೋಡೆ ಅಮುಕಿಕೊಳ್ಳುತ್ತದೆ, ಪ್ಲೇಟು ಒಳಗೆ ಇಳಿಯುತ್ತದೆ. ಪ್ಲೇಟು ಅಲುಗಾಡದಷ್ಟು ಬಿಗಿ, ಮೇಲೊಂದು ಲಾಕ್ ನಟ್, ಅಷ್ಟೇ. ಹಿತ್ತಲ ಕಡೆಯ ಪ್ಲೇಟಿಗೆ ತುಕ್ಕು ತಡೆಯುವ ರೆಡಾಕ್ಸೈಡ್ ಬಣ್ಣ ಎರಡು ಕೋಟು.

ಕಮೋಡಿನ ಚೌಕಟ್ಟು

ಹೊರಗಿನ ಪೈಪು 1¼ ಇಂಚು, ಒಳಗಿನದು 1 ಇಂಚು, ಎರಡೂ 304 ದರ್ಜೆಯ ಸ್ಟೀಲು, 16 ಗೇಜು (ಗೇಜಿನ ಅಂಕಿ ಏರಿದಷ್ಟೂ ಪೈಪಿನ ತಗಡು ತೆಳು). ಅಂಗಡಿಯಲ್ಲಿ ಅಗ್ಗದ 202 ದರ್ಜೆ ಕೊಟ್ಟು 304 ಎನ್ನುವುದು ಸಾಮಾನ್ಯ. ಅಯಸ್ಕಾಂತ ಇಟ್ಟು ನೋಡುವುದರಿಂದ ಉಪಯೋಗವಿಲ್ಲ, ಎರಡಕ್ಕೂ ಅದು ಹಿಡಿಯುವುದಿಲ್ಲ. ಬಣ್ಣ ತಿರುಗುವ ಪರೀಕ್ಷಾ ದ್ರಾವಣ ದೊಡ್ಡ ಸ್ಟೀಲ್ ಅಂಗಡಿಗಳಲ್ಲಿ ಇರುತ್ತದೆ, ಕೇಳಿ ಹಾಕಿಸಿ. ಆಸಿಡ್ ಹಾಕಿ ಬಚ್ಚಲು ತೊಳೆಯುವ ಮನೆಯಲ್ಲಿ 202 ಬೇಗ ತುಕ್ಕಿನ ಚುಕ್ಕೆ ಬಿಡುತ್ತದೆ. ಗೇಜಿನ ಮೋಸಕ್ಕೆ ತಕ್ಕಡಿಯೇ ಸಾಕು: 1¼ ಇಂಚಿನ 20 ಅಡಿ ಪೈಪು 16 ಗೇಜಿದ್ದರೆ 7 ಕಿಲೋ ದಾಟುತ್ತದೆ, ಐದೂವರೆ-ಐದೂಮುಕ್ಕಾಲು ತೂಗಿದರೆ ಅದು 18 ಗೇಜು.

ಹೊರಪೈಪಿನ ನಾಲ್ಕು ತುಂಡು, ತಲಾ 14 ಇಂಚು. ಹಿಂದಿನ ಎರಡು ಗೋಡೆಯ ಪ್ಲೇಟಿಗೆ ಯು-ಕ್ಲಾಂಪಿನಿಂದ ಕೂತಿವೆ. ಮುಂದಿನ ಎರಡು ನೆಲಕ್ಕೆ. ಫರ್ಸಿ ತೆಳ್ಳಗಿನ ಪದರಗಲ್ಲು, ಅಡಿಯಲ್ಲಿ ಗರಸು. ಅದಕ್ಕೇ ಫಾಸ್ಟನರ್ ಹೊಡೆದರೆ ಕಲ್ಲು ಬಿರಿಯುತ್ತದೆ. ಕಟರಿನಿಂದ ಒಂದಡಿ ಚೌಕ ಕತ್ತರಿಸಿ ತೆಗೆದು, ಒಂದಡಿ ಆಳ ಅಗೆದು, 1:2:4 ಕಾಂಕ್ರೀಟು (ಸಿಮೆಂಟು, ಮರಳು, ಜಲ್ಲಿ) ತುಂಬಿಸಿದೆವು. ಎರಡು ಗುಂಡಿಗೆ 18ರಿಂದ 20 ಕಿಲೋ ಸಿಮೆಂಟು ಸಾಕು. ಅಗೆಯುವ ಮುಂಚೆ ಕಮೋಡಿನ ಪೈಪು ಯಾವ ಕಡೆ ಹೋಗಿದೆ ಎಂಬುದನ್ನು ಹಿತ್ತಲಿನ ಚೇಂಬರ್ ತೆರೆದು ನೋಡಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ. ಕಾಂಕ್ರೀಟಿನಿಂದ ಬೋಲ್ಟಿನ ತುದಿ ಮೇಲೆ ಎದ್ದಿರುವಂತೆ ಹೂಳುವುದು ರೂಢಿ. ನಾಳೆ ಚೌಕಟ್ಟು ತೆಗೆದಾಗ ಆ ತುದಿಗಳು ಕಾಲಿಗೂ ಗಾಲಿಗೂ ಮುಳ್ಳಾಗುತ್ತವೆ. ಅದರ ಬದಲು ಎಂ12ರ ಉದ್ದ ನಟ್ಟಿಗೆ ಕೆಳಗಿನಿಂದ ಬಾಗಿಸಿದ ಸರಳು ಬೆಸೆದು, ನಟ್ಟಿನ ಬಾಯಿ ಫರ್ಸಿಯ ಮಟ್ಟಕ್ಕೇ ಇರುವಂತೆ ಹೂಳಿದೆವು. ಕಾಂಕ್ರೀಟ್ ಹಾಕುವಾಗ ಬಾಯಿಗೆ ಗ್ರೀಸು ಸವರಿದ ಬೋಲ್ಟು ತಿರುವಿಟ್ಟಿರಬೇಕು, ಇಲ್ಲದಿದ್ದರೆ ಸಿಮೆಂಟ್ ಹಾಲು ಒಳಗಿಳಿದು ಥ್ರೆಡ್ ಸತ್ತುಹೋಗುತ್ತದೆ. ಏಳು ದಿನ ನೀರುಣಿಸಿ, ಆಮೇಲೆ ಭಾರ.

ಒಳಪೈಪಿಗೆ ಇಂಚಿಗೊಂದರಂತೆ ತೂತು. ಆಸನ 17ರಿಂದ 23 ಇಂಚಿನವರೆಗೆ ಏರಿಳಿಯುತ್ತದೆ. 1 ಇಂಚಿನ ಪೈಪು 1¼ರೊಳಗೆ ಹಾಕಿದಾಗ ಸುಮಾರು 3 ಎಂಎಂ ಸಡಿಲ ಉಳಿಯುತ್ತದೆ. ಒಂದೇ ಬೋಲ್ಟು ಹಾಕಿದ ಮೊದಲ ಜೋಡಣೆ ಕುಳಿತ ಕೂಡಲೇ ಎಡಬಲಕ್ಕೆ ತೂಗಾಡಿತು. ಬೀಳುವ ಭಯ ಇರುವವರಿಗೆ ಇಷ್ಟು ತೂಗಾಟ ಸಾಕು, ಆಮೇಲೆ ಆ ಆಸನವನ್ನೇ ಅವರು ಬಿಡುತ್ತಾರೆ. ಪರಿಹಾರ: ಪ್ರತಿ ಕಾಲಿಗೂ ಎರಡು ಎಂ8 ಬೋಲ್ಟು, ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ, 2 ಇಂಚು ಅಂತರದಲ್ಲಿ. ಜೊತೆಗೆ ಹೊರಪೈಪಿನ ಬಾಯಿಯ ಹತ್ತಿರ ಒಂದು ನಟ್ಟು ಬೆಸೆದು ಅದರಲ್ಲಿ ಒತ್ತು ಸ್ಕ್ರೂ. ಈಗ ಅಲುಗುವುದಿಲ್ಲ.

ಕೈಕಂಬಿಗಳ ನಡುವೆ 21 ಇಂಚು. ಒತ್ತಿ ಏಳುವಾಗ ಕೈ ಮೊಣಕಾಲಿನ ಹತ್ತಿರ ಬಂದರೆ ಹಗುರ, ಆದ್ದರಿಂದ ಕಂಬಿಯನ್ನು 4 ಇಂಚು ಮುಂದೆ ಚಾಚಿಸಿದೆ. ನೆಲಕ್ಕೆ ಬಿಗಿಯದ, ಸುಮ್ಮನೆ ಇಡುವ ಚೌಕಟ್ಟಿನಲ್ಲಿ ಹೀಗೆ ಮಾಡಬಾರದು: ಕಂಬಿಯ ತುದಿಗೆ ಭಾರ ಬಿದ್ದಾಗ ಹಿಂದಿನ ಕಾಲು ಎದ್ದು ಚೌಕಟ್ಟು ಮುಗ್ಗರಿಸುತ್ತದೆ. ಎಡಗೈ ಕಂಬಿ ಕಾಯಂ ಅಲ್ಲ, ಎರಡು ಪಿನ್ನು ಎಳೆದರೆ ಪೂರ್ತಿ ಹೊರಬರುತ್ತದೆ. ಗಾಲಿಕುರ್ಚಿಯಿಂದ ಪಕ್ಕಕ್ಕೆ ಸರಿಯುವ ದಿನಕ್ಕೆ ಆ ಬದಿ ತೆರೆದಿರಬೇಕು. ಆ ಬದಿಯಲ್ಲಿ 200 ಲೀಟರಿನ ಬ್ಯಾರಲ್ ಕೂತಿತ್ತು. ನಳದ ನೀರು ದಿನಾ ಬಾರದ ಊರಿನಲ್ಲಿ ಬ್ಯಾರಲ್ ಬೇಡವೆನ್ನಲು ಬರುವುದಿಲ್ಲ. ಅದನ್ನು ಹಿತ್ತಲಲ್ಲಿ ಕಟ್ಟೆಯ ಮೇಲಿಟ್ಟು, ಅರ್ಧ ಇಂಚಿನ ಪೈಪಿನಲ್ಲಿ ಒಳಗೆ ನಳ ಕೊಟ್ಟೆವು. ಕಮೋಡಿನ ಎಡಕ್ಕೆ ಈಗ 29 ಇಂಚು ಖಾಲಿ, 25 ಇಂಚು ಅಗಲದ ಗಾಲಿಕುರ್ಚಿ ಹಿಡಿಯುತ್ತದೆ.

ಆಸನ ಎತ್ತರಿಸಿದಾಗ ಎರಡು ಹೊಸ ತಾಪತ್ರಯ ಹುಟ್ಟುತ್ತವೆ, ಯಾರೂ ಮೊದಲೇ ಹೇಳುವುದಿಲ್ಲ. ಆಸನಕ್ಕೂ ಕಮೋಡಿಗೂ ನಡುವಿನ 5 ಇಂಚು ಸಂದಿಯಿಂದ ಸಿಡಿಯುತ್ತದೆ: ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಆಸನದ ಕೆಳಗೆ ನಾಲ್ಕು ಕೊಕ್ಕೆಯಿಂದ ತೂಗುಬಿಟ್ಟರೆ ಆಯಿತು, ತೊಳೆಯಲೂ ಬರುತ್ತದೆ. ಎರಡನೆಯದು, ಕಮೋಡಿಗೆ ಕೂರಿಸಿದ ಜೆಟ್ಟಿನ ನೀರು ಈಗ ಗುರಿ ತಪ್ಪುತ್ತದೆ. ಜೆಟ್ಟಿನ ಮೂತಿಯನ್ನು ಕಮೋಡಿನಿಂದ ಬಿಚ್ಚಿ ಆಸನದ ಹಿಂಬದಿಯ ಪೈಪಿಗೆ ಕ್ಲಾಂಪ್ ಮಾಡಬೇಕು, ಕೊಳವೆ ಬಾಗುವಂಥದ್ದಿರಬೇಕು, ಆಗ ಎತ್ತರ ಬದಲಾದರೂ ಅದು ಜೊತೆಗೇ ಬರುತ್ತದೆ. ನಳದ ತಿರುಪು ಬಲಗೈ ಕಂಬಿಯ ಕೆಳಗೆ, ತೊಡೆಯ ಹತ್ತಿರ.

ಸ್ನಾನ

ಒಂದು ತಂಬಿಗೆ ನೀರು ಒಂದು ಕಿಲೋ, ತಲೆಯ ಮೇಲೆ ಎತ್ತಬೇಕು. ಭುಜ ಸೋತವರಿಗೆ ಮೊದಲು ಕೈಬಿಟ್ಟುಹೋಗುವುದು ಇದೇ. ಮಾಳಿಗೆಯ ಮೇಲಿನ ಟಾಕಿಯಿಂದ ಕೈಶವರ್ ಕೊಡೋಣವೆಂದರೆ ಹತ್ತಡಿ ಎತ್ತರಕ್ಕೆ 0.3 ಬಾರ್ ಒತ್ತಡವೂ ಪೂರ್ತಿ ಇರುವುದಿಲ್ಲ, ನೀರು ಸುರಿಯುವುದಿಲ್ಲ, ಸೋರುತ್ತದೆ. ಮೇಲಾಗಿ ಬಿಸಿನೀರು ಇಲ್ಲಿ ಹಂಡೆಯದ್ದು.

ಉತ್ತರ ಸಿಕ್ಕಿದ್ದು ಗೊಬ್ಬರ-ಔಷಧಿ ಅಂಗಡಿಯಲ್ಲಿ. ಬ್ಯಾಟರಿ ಸ್ಪ್ರೇಯರಿನೊಳಗೆ ಇರುವ 12 ವೋಲ್ಟಿನ ಡಯಾಫ್ರಮ್ ಪಂಪು ಬಿಡಿಯಾಗಿಯೂ ಸಿಗುತ್ತದೆ. ಹೊಸದನ್ನೇ ತರಬೇಕು. ಹೊಲದಲ್ಲಿ ಬಳಸಿದ್ದನ್ನು ಎಷ್ಟು ತೊಳೆದರೂ ಮೈಗೆ ಬಳಸಬಾರದು. ಬೇಕಾದವು: ಪಂಪು, 12 ವೋಲ್ಟ್ 8 ಆಂಪಿಯರ್-ಅವರ್ ಬ್ಯಾಟರಿ, 5 ಆಂಪಿಯರ್ ಫ್ಯೂಸು, ಜಾಲರಿಯ ಫಿಲ್ಟರು, ಕೈಶವರ್, ಒಂದು ದೊಡ್ಡ ಗುಂಡಿಯ ಸ್ವಿಚ್ಚು. ಬ್ಯಾಟರಿ ಮತ್ತು ಪಂಪು ಬಚ್ಚಲಿನ ಹೊರಗೆ, ಗೂಡಿನಲ್ಲಿ. ಒಳಗೆ ಬರುವುದು ಎರಡು ಕೊಳವೆ ಮತ್ತು ಸ್ವಿಚ್ಚಿನ ವೈರು ಮಾತ್ರ. ಚಾರ್ಜರನ್ನು ಸ್ನಾನದ ಹೊತ್ತಿನಲ್ಲಿ ಕಿತ್ತಿಡಬೇಕು, ಆಗ ಮೈಗೆ ಹತ್ತಿರ 12 ವೋಲ್ಟಿಗಿಂತ ಮೇಲಿನ ವಿದ್ಯುತ್ತೇ ಇರುವುದಿಲ್ಲ. ಹತ್ತು ನಿಮಿಷದ ಸ್ನಾನಕ್ಕೆ ಅರ್ಧ ಆಂಪಿಯರ್-ಅವರಿನಷ್ಟೂ ಖರ್ಚಿಲ್ಲ, ಕರೆಂಟ್ ಹೋದರೂ ಸ್ನಾನ ನಿಲ್ಲುವುದಿಲ್ಲ.

ಜೋಡಿಸಿದ ದಿನ ಪಂಪು ಟಕಟಕ ಎಂದು ನಿಂತು ನಿಂತು ಓಡಿತು. ಕೆಟ್ಟಿರಲಿಲ್ಲ. ಕೈಶವರಿನ ತೂತು ಸಣ್ಣವಿದ್ದರೆ ಕೊಳವೆಯಲ್ಲಿ ಒತ್ತಡ ಏರಿ ಪಂಪಿನ ಪ್ರೆಶರ್ ಸ್ವಿಚ್ಚು ಕಡಿದುಬಿಡುತ್ತದೆ, ಒತ್ತಡ ಇಳಿದಾಗ ಮತ್ತೆ ಹಚ್ಚುತ್ತದೆ. ಕೈಶವರಿನ ಬಾಯಲ್ಲಿದ್ದ ನೀರುಳಿಕೆಯ ಪ್ಲಾಸ್ಟಿಕ್ ಬಿಲ್ಲೆ ತೆಗೆದ ಮೇಲೆ ಸರಿಹೋಯಿತು. ಹಂಡೆಯಿಂದ ನೇರ ಕುದಿನೀರು ಎಳೆಯಬಾರದು, ಡಯಾಫ್ರಮ್ಮಿನ ರಬ್ಬರು ಮೆತ್ತಗಾಗುತ್ತದೆ. ಬಕೆಟ್ಟಿನಲ್ಲಿ ಬೆರೆಸಿ, ಮೊಣಕೈ ಅದ್ದಿ ನೋಡಿ, ಆಮೇಲೆ.

ನೆಲದ ಫರ್ಸಿ ಸಾಬೂನು ತಿಂದು ಕನ್ನಡಿಯಾಗಿತ್ತು. ಕಲ್ಲಿನ ಕೆಲಸದವರಿಂದ ಉಳಿಯಲ್ಲಿ ಚಿಕ್ಕ ಚಿಕ್ಕ ಕಚ್ಚು ಹೊಡೆಸಿದೆ. ರಬ್ಬರ್ ಚಾಪೆ ಬೇಡ: ಕಾಲೆಳೆದು ನಡೆಯುವವರ ಹೆಬ್ಬೆರಳು ಅದರ ಅಂಚಿಗೇ ಸಿಕ್ಕುತ್ತದೆ. ಬಾಗಿಲಿನ ಎರಡೂ ಎಲೆಗಳನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದೆ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲಿನಿಂದ ಯಾರೂ ಹೋಗಲಾರರು. ವೈರ್‌ಲೆಸ್ ಬೆಲ್ಲಿನ ಗುಂಡಿ ನೆಲದಿಂದ ಒಂದಡಿ ಮೇಲೆ ಮಾತ್ರ. ಬಿದ್ದಾಗ ಕೈಗೆಟುಕಬೇಕಾದದ್ದು ಅದು, ನಿಂತಾಗ ಅಲ್ಲ.

ಹೊಸ್ತಿಲು

ತಲಬಾಗಿಲಿನ ಹೊಸ್ತಿಲು 4 ಇಂಚು. ಕೊಯ್ದು ತೆಗೆಯಬಾರದು, ಅರಿಷಿಣ-ಕುಂಕುಮದ ಮಾತು ಹಾಗಿರಲಿ, ಹಳೆಯ ಚೌಕಟ್ಟಿನ ಎರಡು ನಿಲುವುಗಳನ್ನು ಕೆಳಗೆ ಹಿಡಿದಿಟ್ಟಿರುವುದೇ ಅದು. ಎರಡೂ ಬದಿಗೆ ಪ್ಲೈವುಡ್ಡಿನ ಇಳಿಜಾರು, ತಲಾ 4 ಅಡಿ ಉದ್ದ, 3 ಅಡಿ ಅಗಲ, ಅಡಿಯಲ್ಲಿ ಅಡಿಗೊಂದು ರೀಪು. ಹೊಸ್ತಿಲ ಕಡೆ ಕೀಲು ಇರುವುದರಿಂದ ಬೆಳಿಗ್ಗೆ ಎತ್ತಿ ನಿಲ್ಲಿಸಿ ಪೂಜೆ, ರಂಗೋಲಿ ಮುಗಿಸಬಹುದು. ದೀಪದ ಎಣ್ಣೆಯ ಹನಿ ಬಿದ್ದ ದಿನ ಮಾತ್ರ ಒರೆಸದೆ ಇಳಿಸಬಾರದು. ಅಂಚಿಗೆ ಹಳದಿ ಬಣ್ಣ ಹಚ್ಚಿ, ಇಲ್ಲದಿದ್ದರೆ ಮನೆಯ ಉಳಿದವರು ಎಡವುತ್ತಾರೆ.

ಅಂಗಳದ ಏರು

ಇಳಿಜಾರಿನ ಲೆಕ್ಕ ಎಲ್ಲರಿಗೂ ಗೊತ್ತು, ಒಂದಕ್ಕೆ ಹನ್ನೆರಡು. 18 ಇಂಚಿಗೆ 18 ಅಡಿ. ಮುಂದೆ ಅಷ್ಟು ಜಾಗವಿಲ್ಲ, ಮನೆಯ ಪಕ್ಕದ ಸಂದಿಗೆ ತಿರುಗಿಸಿ 9 ಅಡಿ, ತಿರುವಿನಲ್ಲಿ 5 ಅಡಿ ಚೌಕದ ಸಮತಟ್ಟು, ಮತ್ತೆ 9 ಅಡಿ.

ಆದರೆ ನಡೆಯುವ ಹಂತದಲ್ಲಿ ಇಳಿಜಾರು ಅನುಕೂಲ ಎಂದುಕೊಳ್ಳುವುದು ತಪ್ಪು. ತೊಡೆಯ ಮುಂಭಾಗದ ಸ್ನಾಯು ಸೋತಾಗ ಇಳಿಜಾರಿನಲ್ಲಿ ಕೆಳಗಿಳಿಯುವಾಗಲೇ ಮೊಣಕಾಲು ಥಟ್ಟನೆ ಮಡಿಚಿಕೊಳ್ಳುವುದು. ಅಂಥವರಿಗೆ ಎರಡೂ ಪಾದ ಊರಿ ನಿಲ್ಲಬಹುದಾದ ತಗ್ಗು ಮೆಟ್ಟಿಲೇ ಮೇಲು. ಇದ್ದ ಮೂರು ಮೆಟ್ಟಿಲು ತಲಾ 6 ಇಂಚು. ಪ್ರತಿಯೊಂದರ ಮುಂದೆಯೂ 3 ಇಂಚಿನ ಅರ್ಧಮೆಟ್ಟಿಲು, 18 ಇಂಚು ಆಳ, ಕಬ್ಬಿಣದ ಆ್ಯಂಗಲ್ಲಿನ ಪೆಟ್ಟಿಗೆ, ಮೇಲೆ ಚೆಕ್ಕರ್ ಪ್ಲೇಟು. ಹಳೆಯ ಮೆಟ್ಟಿಲಿನ ಆಳ ಸಾಲದ್ದಕ್ಕೆ ಇಡೀ ಸಾಲನ್ನು ಅಂಗಳಕ್ಕೆ ಮೂರಡಿ ಮುಂದೆ ತರಬೇಕಾಯಿತು. ಎರಡೂ ಬದಿಗೆ 32 ಇಂಚು ಎತ್ತರದ ಕಂಬಿ. ನಡಿಗೆ ನಿಂತ ಮೇಲೆ ಪೆಟ್ಟಿಗೆಗಳು ಗುಜರಿಗೆ, ಇಳಿಜಾರು ಉಳಿಯುತ್ತದೆ. ಎರಡನ್ನೂ ಈಗಲೇ ಮಾಡಿದ್ದಕ್ಕೆ ಕಾರಣ, ಗೌಂಡಿ ಕೆಲಸ ಎರಡು ಸಲ ಹಚ್ಚಿದರೆ ಎರಡು ಸಲ ಮನೆಯವರು ಧೂಳಿನಲ್ಲಿ ಇರಬೇಕು.

ಇಳಿಜಾರು ಕೆಡುವುದು ಎರೆ ಮಣ್ಣಿನಿಂದ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆಯೇ ಕಾಂಕ್ರೀಟು ಹಾಕಿ ಮನೆಯ ಕಟ್ಟೆಗೆ ಅಂಟಿಸಿದರೆ ಒಂದು ವರ್ಷದಲ್ಲಿ ಕೂಡಿದ ಜಾಗ ಹರಿದು ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ, ಗಾಲಿಯ ಮುಂದಿನ ಚಿಕ್ಕ ಚಕ್ರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡಡಿ ಎರೆ ಮಣ್ಣು ತೆಗೆದು ಗರಸು ತುಂಬಿಸಿದೆ, 6 ಇಂಚಿಗೊಮ್ಮೆ ನೀರು ಹೊಡೆದು ಧಮ್ಮಸು. ಮೇಲೆ 4 ಇಂಚು ಕಾಂಕ್ರೀಟು, 8 ಎಂಎಂ ಸರಳು 8 ಇಂಚಿಗೊಂದರಂತೆ ಜಾಲ. ಕಟ್ಟೆಗೂ ಇಳಿಜಾರಿಗೂ ನಡುವೆ ಅರ್ಧ ಇಂಚು ಥರ್ಮಾಕೋಲ್ ಇಟ್ಟು ಬೇರೆ ಬೇರೆ ಮಾಡಿದೆ, ಸಂದಿಯ ಮೇಲೆ ಒಂದೇ ಕಡೆ ಸ್ಕ್ರೂ ಹೊಡೆದ ಚೆಕ್ಕರ್ ಪ್ಲೇಟಿನ ಪಟ್ಟಿ. ನೆಲ ಏರಿದರೂ ಇಳಿದರೂ ಪ್ಲೇಟು ಜಾರುತ್ತದೆ, ಒಡೆಯುವುದಿಲ್ಲ. ಮೇಲ್ಮೈ ಹಸಿ ಇದ್ದಾಗ ಕಸಬರಿಗೆಯಿಂದ ಅಡ್ಡ ಗೆರೆ. ಟೈಲ್ಸ್ ಹಚ್ಚೋಣ, ಚೆಂದ ಕಾಣುತ್ತದೆ ಎಂಬ ಮಾತಿಗೆ ಒಪ್ಪಬಾರದು.

ಸಣ್ಣಪುಟ್ಟವು

ಮಂಚದ ನಾಲ್ಕೂ ಕಾಲಿಗೆ ಒಂದಿಂಚಿನ ಹಲಗೆ ತುಂಡುಗಳ ಅಟ್ಟಿ, ಬೋಲ್ಟಿನಿಂದ ಕೂಡಿಸಿದ್ದು. ಮೇಲಿನ ತುಂಡಿನಲ್ಲಿ ಕಾಲು ಕೂರಲು ಆರು ಸೂತ (ಮುಕ್ಕಾಲು ಇಂಚು) ಆಳದ ಗುಣಿ. ಒಂದು ಹಲಗೆ ತೆಗೆದರೆ ಒಂದಿಂಚು ಇಳಿಯುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುರ್ಚಿ ಹಾಕಿ ಎತ್ತರ ಮಾಡುವುದನ್ನು ಮನೆಮನೆಯಲ್ಲೂ ಕಾಣುತ್ತೇವೆ. ಒತ್ತಿ ಏಳುವಾಗ ಫರ್ಸಿಯ ಮೇಲೆ ಅದರ ಕಾಲು ಅಗಲಕ್ಕೆ ಜಾರುತ್ತದೆ, ಬೇಡ.

ಊಟಕ್ಕೆ ಮೇಜಿನ ಮೇಲೆ 6 ಇಂಚಿನ ಮರದ ಪೆಟ್ಟಿಗೆ, ತಾಟು ಅದರ ಮೇಲೆ. ಮೊಣಕೈಯನ್ನು ಪೆಟ್ಟಿಗೆಯ ಅಂಚಿಗೆ ಊರಿದರೆ ಭುಜ ಎತ್ತದೆಯೇ ಕೈ ಬಾಯಿಗೆ ಬರುತ್ತದೆ. ಮೆತ್ತನೆಯ ಬಿಸಿರೊಟ್ಟಿ ಹರಿಯುವುದಕ್ಕಿಂತ ಕಟಿರೊಟ್ಟಿ ಮುರಿಯುವುದು ಹಗುರ, ಅದು ಈ ಭಾಗದ ಪುಣ್ಯ.

ಕಾಗದದ ಕೆಲಸ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಹೆಸರು ಹಿಡಿದೇ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಬೇಕು, ನಗರದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರು ದಾರಿ ತೋರಿಸುತ್ತಾರೆ. ಶೇಕಡಾವಾರು ಮುಂದೆ ಏರುವಂಥ ಕಾಯಿಲೆ ಆದ್ದರಿಂದ ಮರುಪರೀಕ್ಷೆಗೆ ಬೇಕಾದ ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿ ಇಡಿ.

ಮೂರನೆಯ ತಿಂಗಳು

ಎಲ್ಲ ಬೋಲ್ಟು ಪರೀಕ್ಷೆ. ಹಿತ್ತಲ ಕಡೆಯ ಎರಡು ನಟ್ಟು ಕಾಲು ಸುತ್ತು ಸಡಿಲ, ಬಿಗಿ ಮಾಡಿದ್ದಾಯಿತು. ಪಂಪಿನ ಜಾಲರಿಯಲ್ಲಿ ಹಂಡೆಯ ಸುಣ್ಣದ ಚೂರು, ತೊಳೆದಾಯಿತು. ಇಳಿಜಾರಿನ ಸಂದಿಯಲ್ಲಿ ಬದಲಾವಣೆ ಇಲ್ಲ, ಮಳೆಗಾಲ ಕಳೆದ ಮೇಲೆ ಮತ್ತೆ ನೋಡಬೇಕು.

ಸಂಜೆಯ ಅಳತೆ 21. ಬೋಲ್ಟು ಬಿಚ್ಚಿ ಒಳಪೈಪು ಒಂದು ತೂತು ಮೇಲೆ, ಆಸನ 22ಕ್ಕೆ. ಸಂಜೆಯ ಅಳತೆ 23 ದಾಟಿದರೆ ಇನ್ನೊಂದು ತೂತು ಕೊರೆಯುವುದಿಲ್ಲ, ಪಾದ ನೆಲ ಬಿಡುತ್ತದೆ. ಆಗ ಆಸನ 20ಕ್ಕೆ ಇಳಿಸಿ, ಎಡಗೈ ಕಂಬಿ ತೆಗೆದು, ಸರಿಯುವ ಹಲಗೆ: 30 ಇಂಚು ಉದ್ದ, 9 ಇಂಚು ಅಗಲ, 18 ಎಂಎಂ ಪ್ಲೈವುಡ್, ಎರಡೂ ತುದಿ ಕೆತ್ತಿ ತೆಳುವಾಗಿಸಿ, ಮೂರು ಕೋಟು ವಾರ್ನಿಷ್. ಹಲಗೆ ಕತ್ತರಿಸಿ ಬಾಗಿಲ ಹಿಂದೆ ತೂಗುಹಾಕಿದೆ.